ಬಿಸಿಲ ಜಾತ್ರೆಗೆ ಹೊತ್ತು ಗೊತ್ತು ಮಾಡುವವರು ಯಾರು?

ಯುಗಾದಿಯಿಂದ ಮುಂಗಾರು ಹಿಡಿಯುವವರೆಗಿನ ಎರಡು ತಿಂಗಳು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಜನ ಬಯಲಲ್ಲಿ ಕೂಡುವ ಕಾಲ. ಮಳೆ ನಂಬಿದ ಹೊಲಗಳಲ್ಲಿ ಕೆಲಸವಿರುವುದಿಲ್ಲ, ಶಾಲೆಗಳಿಗೆ ರಜೆ, ದುಡಿಮೆಗೆಂದು ಬೆಂಗಳೂರು ಸೇರಿದವರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದಿರುತ್ತಾರೆ. ಜಗಳೂರು ತಾಲ್ಲೂಕಿನ ಕೊಡದಗುಡ್ಡದಲ್ಲಿ ವೀರಭದ್ರಸ್ವಾಮಿಯ ತೇರು, ಪಕ್ಕದ ಉಚ್ಚಂಗಿದುರ್ಗದಲ್ಲಿ ಯುಗಾದಿಯ ಉಚ್ಚಂಗೆಮ್ಮನ ಜಾತ್ರೆ, ಅದರ ಬೆನ್ನಿಗೇ ಊರೂರಿನ ಮಾರಿಹಬ್ಬ, ಆಂಜನೇಯನ ತೇರು, ಸಾಮೂಹಿಕ ವಿವಾಹ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಅಕ್ಷಯ ತೃತೀಯದ ಬಸವ ಜಯಂತಿಯ ಮೆರವಣಿಗೆಗಳು ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಡಾಂಬರು ರಸ್ತೆಯ ಮೇಲೆ ಸಾಗುತ್ತವೆ. ವರ್ಷದಲ್ಲಿ ಅತಿ ಹೆಚ್ಚು ಜನ ಮನೆಯಿಂದ ಹೊರಗಿರುವ ದಿನಗಳೂ ಅತಿ ಹೆಚ್ಚು ಬಿಸಿಲಿರುವ ದಿನಗಳೂ ಇಲ್ಲಿ ಒಂದೇ. ಇದು ತಲೆಮಾರುಗಳಿಂದ ಹೀಗೇ ಇದೆ, ಬದಲಾಗಬೇಕಾಗಿಯೂ ಇಲ್ಲ. ಬದಲಾಗಬೇಕಾದದ್ದು ಒಂದು ಭಾವನೆ: ಜಾತ್ರೆಯಲ್ಲಿ ಒಬ್ಬರು ಕಣ್ಣು ಕತ್ತಲೆ ಬಂದು ಬಿದ್ದರೆ ಅದು ಬಿಸಿಲಿನ ತಪ್ಪು, ಹೆಚ್ಚೆಂದರೆ ಬಿದ್ದವರ ಅಶಕ್ತತೆ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಬಿಸಿಲಲ್ಲಿ ಸೇರಿದ ಜನರಲ್ಲಿ ಎಷ್ಟು ಮಂದಿ ಕುಸಿಯುತ್ತಾರೆ ಎಂಬುದನ್ನು ಡಿಗ್ರಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಅವರನ್ನು ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು, ಎಂಥ ಜಾಗದಲ್ಲಿ ನಿಲ್ಲಿಸಲಾಯಿತು ಎಂಬುದು. ಅದನ್ನು ಗೊತ್ತು ಮಾಡುವವರು ಮನುಷ್ಯರು. ಆದ್ದರಿಂದ ಅದರ ಹೊಣೆಯೂ ಅವರದೇ.

ಮೊದಲು ಅಳತೆಯ ಮಾತು. ಬಯಲು ಸೀಮೆಯ ಊರೊಂದರಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ಜೊತೆಗೆ ಅಲ್ಲಿನ ವಾಡಿಕೆಯ ಉಷ್ಣಾಂಶಕ್ಕಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ, ಅಥವಾ ನೇರವಾಗಿ 45 ಡಿಗ್ರಿ ಮುಟ್ಟಿದರೆ ಭಾರತೀಯ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಘೋಷಿಸುತ್ತದೆ. ವಾಡಿಕೆಯೇ 37 ಇರುವ ಕಡೆ 41.5 ಆಗುವವರೆಗೆ ಬಿಸಿಗಾಳಿಯಿಲ್ಲ. ನಮ್ಮ ಜಿಲ್ಲೆಯ ಏಪ್ರಿಲ್ ದಿನಗಳಲ್ಲಿ ಬಹುಪಾಲು ಈ ಗೆರೆಯ ಕೆಳಗೇ ಉಳಿಯುತ್ತವೆ. ಘೋಷಣೆ ಬರುವುದಿಲ್ಲ, ಬಾರದ ಕಾರಣ ಯಾರೂ ತಯಾರಾಗುವುದಿಲ್ಲ. ಆದರೆ ಇಲಾಖೆಯ ಥರ್ಮಾಮೀಟರು ಇರುವುದು ನೆಲದಿಂದ ನಾಲ್ಕಡಿ ಎತ್ತರದ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ. ನೇರ ಬಿಸಿಲಲ್ಲಿ ನಿಂತವರ ಮೈಗೆ ತಾಗುವ ಸೆಕೆ ಅದಕ್ಕಿಂತ ಏಳೆಂಟು ಡಿಗ್ರಿಯವರೆಗೂ ಹೆಚ್ಚಿರಬಹುದು. ಅದರ ಮೇಲೆ ಕಾದ ಡಾಂಬರಿನ ಝಳ ಕೆಳಗಿನಿಂದ. ಸುಮ್ಮನೆ ನಿಂತ ಮನುಷ್ಯನ ಮೈ ಕೂಡ ಹೆಚ್ಚುಕಡಿಮೆ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಹೊರಬಿಡುತ್ತದೆ, ತೇರಿನ ಮಿಣಿ ಎಳೆಯುವವನ, ಡೊಳ್ಳು ಬಾರಿಸುವವನ ಮೈ ಅದರ ಹಲವು ಪಟ್ಟು. ಹೆಗಲಿಗೆ ಹೆಗಲು ತಾಗಿಸಿ ನಿಂತ ಸಾವಿರಾರು ಜನರ ನಡುವೆ ಗಾಳಿ ಸುಳಿಯುವುದಿಲ್ಲ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ದೇಹಕ್ಕೆ ಉಳಿಯುವ ದಾರಿ ಒಂದೇ, ಬೆವರು ಆರುವುದು. ಅದು ಆರಲು ಗಾಳಿ ಬೇಕು, ಬೆವರಲು ಕುಡಿದ ನೀರು ಬೇಕು. ಸಂದಣಿಯ ನಡುವೆ ಎರಡೂ ಇರುವುದಿಲ್ಲ.

ಬಿಸಿಗಾಳಿಯ ಘೋಷಣೆಗಾಗಿ ಕಾಯುವುದು ಎಷ್ಟು ದುಬಾರಿ ಎಂಬುದಕ್ಕೆ ಉದಾಹರಣೆಗಳಿವೆ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭ ಬಯಲಿನಲ್ಲಿ ನಡೆಯಿತು. ಲಕ್ಷಗಟ್ಟಲೆ ಜನ ಸೇರಿದ್ದರು. ವೇದಿಕೆಗೆ ಚಾವಣಿಯಿತ್ತು, ಜನರ ತಲೆಯ ಮೇಲೆ ಇರಲಿಲ್ಲ. ಕಾರ್ಯಕ್ರಮ ಮಧ್ಯಾಹ್ನದವರೆಗೆ ನಡೆಯಿತು. ಸಮೀಪದ ಮಾಪನ ಕೇಂದ್ರದಲ್ಲಿ ಆ ದಿನ ದಾಖಲಾದ ಗರಿಷ್ಠ ಉಷ್ಣಾಂಶ 38 ಡಿಗ್ರಿಯ ಆಸುಪಾಸು, ಅಂದರೆ ದಾವಣಗೆರೆಯ ಮಾಮೂಲಿ ಏಪ್ರಿಲ್ ಮಧ್ಯಾಹ್ನದಷ್ಟೇ. 14 ಮಂದಿ ತೀರಿಕೊಂಡರು. ಮಾರನೇ ವರ್ಷ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಬಂದವರಲ್ಲಿ ಐವರು ಸತ್ತರು. ಅದು ಬೇಸಿಗೆಯೂ ಅಲ್ಲ, ಪ್ರದರ್ಶನವಿದ್ದದ್ದು ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ. ಎಲ್ಲಕ್ಕಿಂತ ಸ್ಪಷ್ಟವಾಗಿ ಮಾತಾಡುವುದು 2024ರ ಜೂನ್ ತಿಂಗಳ ಹಜ್ ಯಾತ್ರೆ. ಮೆಕ್ಕಾದಲ್ಲಿ ಉಷ್ಣಾಂಶ 51.8 ಡಿಗ್ರಿಗೆ ಏರಿತ್ತು, 1,301 ಜನ ಸತ್ತರೆಂದು ಸೌದಿ ಸರ್ಕಾರ ಹೇಳಿತು. ಅವರಲ್ಲಿ ಶೇ 83ರಷ್ಟು ಮಂದಿ ಅಧಿಕೃತ ಪರವಾನಗಿ ಇಲ್ಲದೆ ಬಂದವರು. ನೋಂದಾಯಿತ ಯಾತ್ರಿಕರಿಗೆ ತಂಪು ಡೇರೆಯಿತ್ತು, ಬಸ್ಸಿತ್ತು. ಪರವಾನಗಿ ಇಲ್ಲದವರು ನೆರಳಿಲ್ಲದ ದಾರಿಯಲ್ಲಿ ಮೈಲುಗಟ್ಟಲೆ ನಡೆದರು. ಒಂದೇ ಊರು, ಅದೇ ಸೂರ್ಯ, ಅದೇ ಭಕ್ತಿ. ಸಾವು ಹಂಚಿಕೆಯಾದದ್ದು ನೆರಳಿನ ಲೆಕ್ಕದಲ್ಲಿ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಬಿಸಿಲು ಒಂದೇ ಬಗೆಯದಲ್ಲ. ಜಗಳೂರಿನದು ಒಣ ಬಿಸಿಲು. ಹಿಂದೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ, 1997ರಲ್ಲಿ ದಾವಣಗೆರೆಗೆ ಬಂದ ಈ ತಾಲ್ಲೂಕು ಮಳೆ ನೆರಳಿನ ಸೀಮೆ. ರಂಗಯ್ಯನದುರ್ಗದ ಕುರುಚಲು ಕಾಡು ಬಿಟ್ಟರೆ ಕಣ್ಣು ಹಾಯುವಷ್ಟು ದೂರ ಬಯಲು. ಇಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಮೈ ಒದ್ದೆಯಾಗಿಲ್ಲವೆಂದು ಮನುಷ್ಯ ಮೋಸಹೋಗುತ್ತಾನೆ, ಒಳಗೆ ನೀರು ಬತ್ತಿರುವುದು ತಲೆ ತಿರುಗಿದಾಗಲೇ ಗೊತ್ತಾಗುವುದು. ಇಲ್ಲಿ ಮುಖ್ಯವಾದದ್ದು ಕುಡಿಯುವ ನೀರು. ಚನ್ನಗಿರಿ, ಹೊನ್ನಾಳಿಯ ಕಥೆ ಬೇರೆ. ಭದ್ರಾ ನಾಲೆ, ತುಂಗಭದ್ರೆಯ ದಂಡೆ, ಸೂಳೆಕೆರೆಯ ಹರವು, ಬೇಸಿಗೆ ಭತ್ತ, ಸಾಲು ಅಡಿಕೆ ತೋಟ, ಗಾಳಿಯಲ್ಲಿ ತೇವವಿರುತ್ತದೆ. ಥರ್ಮಾಮೀಟರು ಜಗಳೂರಿಗಿಂತ ಒಂದೆರಡು ಡಿಗ್ರಿ ಕಡಿಮೆ ತೋರಿಸಿದರೂ ಬೆವರು ಆರುವುದಿಲ್ಲ, ಅಂಗಿ ಬೆನ್ನಿಗೆ ಅಂಟುತ್ತದೆ, ಮೈಯ ಕಾವು ಇಳಿಯುವುದಿಲ್ಲ. ಇಲ್ಲಿ ನೀರಿನ ಜೊತೆಗೆ ಗಾಳಿಯಾಡುವ ಜಾಗವೂ ಬೇಕು, ನಾಲ್ಕು ಕಡೆಯೂ ಪರದೆ ಕಟ್ಟಿ ಮುಚ್ಚಿದ ಶಾಮಿಯಾನ ನೆರಳು ಕೊಟ್ಟೂ ಜನರನ್ನು ಬೇಯಿಸುತ್ತದೆ. ನ್ಯಾಮತಿ ಅರೆ ಮಲೆನಾಡಿನ ಅಂಚು. ಬೆಳಗುತ್ತಿ ಬಳಿಯ ಗುಡ್ಡದ ಮೇಲೆ ನೀರಿನ ಸೆಲೆ, ಸುತ್ತ ಕಾಡು ಇರುವ ತೀರ್ಥರಾಮೇಶ್ವರದಂಥ ಜಾಗವನ್ನು ಹಿರಿಯರು ದೇವರಿಗೆಂದು ಆರಿಸಿಕೊಂಡದ್ದರಲ್ಲಿ ತಿಳಿವಳಿಕೆಯಿದೆ. ಬಂಜಾರರ ದೊಡ್ಡ ಕೂಟವಾದ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿ ಫೆಬ್ರುವರಿ ಮಧ್ಯದಲ್ಲಿ ಬರುವುದರಿಂದ ಕಡುಬೇಸಿಗೆಯಿಂದ ಪಾರಾಗುತ್ತದೆ. ರಾಜ್ಯಕ್ಕೆಲ್ಲ ಒಂದೇ ಸುತ್ತೋಲೆ ಹೊರಡಿಸಿದರೆ ಸಾಲದು, ತಾಲ್ಲೂಕಿನ ಮಟ್ಟದಲ್ಲೇ ಯೋಚನೆಯಾಗಬೇಕು ಎನ್ನುವುದು ಇದಕ್ಕೇ.

ಇಲ್ಲಿ ಬರುವ ಮೊದಲ ಆಕ್ಷೇಪ ಸಂಪ್ರದಾಯದ್ದು. ಮುಹೂರ್ತ, ಲಗ್ನ, ನಕ್ಷತ್ರ ನೋಡಿ ನಡೆಯುವ ತೇರಿನ ಹೊತ್ತನ್ನು ಬದಲಿಸಲು ಅಧಿಕಾರಿಗಳು ಯಾರು, ಪತ್ರಿಕೆಯಲ್ಲಿ ಬರೆಯುವವರು ಯಾರು ಎಂಬ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಸಂಪ್ರದಾಯ ಬಿಸಿಲನ್ನು ಮರೆತು ಬೆಳೆದದ್ದಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋದವರು 16ನೇ ಶತಮಾನದಲ್ಲಿ ಕೆಂಗ ಹನುಮಪ್ಪನಾಯಕ ಕಟ್ಟಿಸಿದ ಪುಷ್ಕರಣಿಯನ್ನು ನೋಡಿರುತ್ತಾರೆ. ಅದರ ನಟ್ಟನಡುವೆ, ಸುತ್ತಲೂ ನೀರಿರುವಂತೆ, ನಾಲ್ಕೂ ಕಡೆಯಿಂದ ಗಾಳಿ ಬರುವಂತೆ ನಿಂತಿರುವುದು ವಸಂತ ಮಂಟಪ. ಬೇಸಿಗೆಯಲ್ಲಿ ಉತ್ಸವಮೂರ್ತಿಯನ್ನು ತಂಪಿನ ಜಾಗದಲ್ಲಿ ಕೂರಿಸಬೇಕೆಂಬ ಆಲೋಚನೆಯೇ ಅಲ್ಲಿ ಕಲ್ಲಾಗಿದೆ. ಅಕ್ಷಯ ತೃತೀಯದಂದು ರಾಘವೇಂದ್ರ ಮಠಗಳಲ್ಲಿ ವೃಂದಾವನಕ್ಕೆ ಗಂಧಲೇಪನ ಮಾಡುತ್ತಾರೆ. ಶಿವಾಲಯಗಳಲ್ಲಿ ಬೇಸಿಗೆಯುದ್ದಕ್ಕೂ ಲಿಂಗದ ಮೇಲೆ ಧಾರಾಪಾತ್ರೆಯಿಂದ ನೀರು ತೊಟ್ಟಿಕ್ಕುತ್ತದೆ. ರಾಮನವಮಿಯ ಪ್ರಸಾದ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಬೆಲ್ಲ, ಉಪ್ಪು, ನಿಂಬೆ, ಸೌತೆ ಎಲ್ಲವೂ ಬೆವರಿ ಬಂದವರಿಗೆ ಬೇಕಾದವೇ. ತೇರಿನ ಮರುದಿನದ ಓಕುಳಿಯೂ ಅಷ್ಟೆ. ದೇವರಿಗೆ ಬಿಸಿಲು ತಾಗಬಾರದೆಂದು ಇಷ್ಟೆಲ್ಲ ಎಚ್ಚರ ವಹಿಸಿದ ಆಚರಣೆ, ದೇವರನ್ನು ನೋಡಲು ಬಂದ ಮುದುಕಿಗೆ ಬಿಸಿಲು ತಾಗಲಿ ಎಂದು ಬಯಸಿತ್ತು ಎನ್ನಲು ಆಧಾರವಿಲ್ಲ.

ಹೊತ್ತಿನ ವಿಚಾರದಲ್ಲೂ ಕನ್ನಡ ನಾಡಿನ ದೊಡ್ಡ ಉತ್ಸವಗಳೇ ದಾರಿ ತೋರಿಸಿವೆ. ನಂಜನಗೂಡಿನ ಗೌತಮ ಪಂಚ ಮಹಾರಥೋತ್ಸವ ಹೊರಡುವುದು ಮುಂಜಾವಿನಲ್ಲಿ. ಮೇಲುಕೋಟೆಯ ವೈರಮುಡಿ ರಾತ್ರಿ. ಚೈತ್ರ ಹುಣ್ಣಿಮೆಯ ಬೆಂಗಳೂರು ಕರಗ ಗುಡಿಯಿಂದ ಹೊರಬರುವುದು ನಡುರಾತ್ರಿ. ಮೂರೂ ಬೇಸಿಗೆಯ ಉತ್ಸವಗಳೇ, ಮೂರರಲ್ಲೂ ನೆತ್ತಿಯ ಸೂರ್ಯನಿಲ್ಲ. ನಮ್ಮ ಭಾಗದಲ್ಲೂ ಎಷ್ಟೋ ತೇರುಗಳನ್ನು ಎಳೆಯುವುದು ಸಂಜೆ ನಾಲ್ಕರ ಮೇಲೆ. ಹಾಗಾದರೆ ತೊಂದರೆ ಎಲ್ಲಿ? ಮುಹೂರ್ತದಲ್ಲಿ ಅಲ್ಲ, ಮುಹೂರ್ತದ ಸುತ್ತ ಬೆಳೆದುಕೊಂಡ ಕಾರ್ಯಕ್ರಮಗಳಲ್ಲಿ. ಧಾರ್ಮಿಕ ಸಭೆ, ಸನ್ಮಾನ, ಭಾಷಣ, ಸಾಮೂಹಿಕ ವಿವಾಹದ ವೇದಿಕೆ, ಜಯಂತಿಯ ಮೆರವಣಿಗೆ, ಇವುಗಳಿಗೆ ಪಂಚಾಂಗದ ಕಟ್ಟಿಲ್ಲ. ಕರೆಯೋಲೆಯಲ್ಲಿ ಬೆಳಿಗ್ಗೆ 10 ಎಂದು ಅಚ್ಚಾಗುತ್ತದೆ, ಅತಿಥಿಗಳು ಬೇರೆರಡು ಕಡೆ ಮುಗಿಸಿಕೊಂಡು ಬರುವಾಗ 12.30. ಆ ಎರಡೂವರೆ ತಾಸು ಜನ ಕುರ್ಚಿ ಬಿಟ್ಟು ಏಳಲಾರರು, ಎದ್ದರೆ ಜಾಗ ಹೋಗುತ್ತದೆ. ಮದುವೆಯ ಧಾರೆ ಮುಹೂರ್ತಕ್ಕೆ ಸರಿಯಾಗಿ ನಡೆದಿರುತ್ತದೆ, ಊಟ ಬಡಿಸುವುದು ಮಾತ್ರ ಭಾಷಣಗಳೆಲ್ಲ ಮುಗಿದ ಮೇಲೆ. ಹಸಿದ ಹೊಟ್ಟೆ, ಒಣಗಿದ ಬಾಯಿ, ಕಾದ ಪ್ಲಾಸ್ಟಿಕ್ ಕುರ್ಚಿ. ಗಣ್ಯರ ವಿಳಂಬ ಇಲ್ಲಿ ಬರೀ ಶಿಷ್ಟಾಚಾರದ ಲೋಪವಲ್ಲ. ಅದು ಜನರ ಆರೋಗ್ಯಕ್ಕೆ ಆಗುವ ಹಾನಿ.

ಹಾಗಾದರೆ ಎಲ್ಲವನ್ನೂ ಸಂಜೆಗೆ ಹಾಕಿಬಿಡೋಣ ಎಂಬ ಸುಲಭದ ಉತ್ತರಕ್ಕೂ ತೊಡಕುಗಳಿವೆ. ಏಪ್ರಿಲ್-ಮೇ ತಿಂಗಳಲ್ಲಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಮಧ್ಯಾಹ್ನ ಕಾದ ನೆಲ ಸಂಜೆಗೆ ಮೋಡ ಕಟ್ಟುತ್ತದೆ. ಗುಡುಗು, ಸಿಡಿಲು, ಬಿರುಗಾಳಿ, ಆಲಿಕಲ್ಲು ಬರುವುದು ಹೆಚ್ಚಾಗಿ ನಾಲ್ಕರಿಂದ ಎಂಟರ ನಡುವೆ. ಪೆಂಡಾಲ್ ಕಂಬ ಕಿತ್ತು ಬೀಳುವುದು, ಕರೆಂಟ್ ಹೋಗುವುದು, ಜನ ಮರದ ಕೆಳಗೆ ಓಡುವುದು ಆಗಲೇ. ರಾತ್ರಿಯ ಕಾರ್ಯಕ್ರಮವಾದರೆ ಹಳ್ಳಿಗೆ ಮರಳುವ ಬಸ್ಸಿರುವುದಿಲ್ಲ. ಹೆಣ್ಣುಮಕ್ಕಳು, ವಯಸ್ಸಾದವರು ಮನೆಯಲ್ಲೇ ಉಳಿಯಬೇಕಾಗುತ್ತದೆ. ಅದು ಬಿಸಿಲಿನ ಬಾಧೆ ತಪ್ಪಿಸುವ ನೆಪದಲ್ಲಿ ಅವರನ್ನು ಹಬ್ಬದಿಂದಲೇ ಹೊರಗಿಟ್ಟಂತೆ. ಆದ್ದರಿಂದ ಬೆಳಗಿನ ಹೊತ್ತೇ ಮೇಲು ಎಂಬುದು ನನ್ನ ಅಭಿಪ್ರಾಯ: ಆರೂವರೆಗೆ ಶುರುವಾಗಿ ಹತ್ತೂವರೆಯೊಳಗೆ ಮುಗಿಯುವ ಮೆರವಣಿಗೆ, ಸಭೆ, ಮದುವೆ. ಒಕ್ಕಲುತನದ ಜನರಿಗೆ ಬೆಳಿಗ್ಗೆ ಐದಕ್ಕೆ ಏಳುವುದು ಹೊಸದಲ್ಲ. ಜಗಳೂರಿನ ಒಣಸೀಮೆಯಲ್ಲಿ ಸಂಜೆ ಮಳೆ ಅಪರೂಪ, ರಾತ್ರಿ ಬೇಗ ತಂಪಾಗುತ್ತದೆ. ಅಲ್ಲಿ ಬಸ್ಸಿನ ಏರ್ಪಾಡು ಮಾಡಿದರೆ ಸಂಜೆಯೂ ಆದೀತು. ವ್ಯಾಪಾರಿಗಳಿಗೆ ನಷ್ಟವೆಂಬ ಮಾತಿದೆ. ಬೆಂಡು-ಬತ್ತಾಸು, ಮಂಡಕ್ಕಿ-ಮೆಣಸಿನಕಾಯಿ, ಬಳೆ, ಆಟಿಕೆ ಮಾರುವವರಿಗೆ ಮಧ್ಯಾಹ್ನದ ಹನ್ನೆರಡರಿಂದ ನಾಲ್ಕು ಒಳ್ಳೆಯ ವ್ಯಾಪಾರದ ಹೊತ್ತೇನೂ ಅಲ್ಲ. ದಿನವಿಡೀ ಬಿಸಿಲಲ್ಲಿ ಕೂರುವವರು ಅವರೇ. ಬೆಳಿಗ್ಗೆ ಒಂದು ಸುತ್ತು, ಇಳಿಹೊತ್ತಿನಲ್ಲಿ ಇನ್ನೊಂದು ಸುತ್ತು ಜನ ಬಂದರೆ ಅವರಿಗೂ ಒಳ್ಳೆಯದು.

‘ನಮ್ಮ ಜನಕ್ಕೆ ಬಿಸಿಲು ರೂಢಿಯಾಗಿದೆ, ಹೊಲದಲ್ಲಿ ದುಡಿಯುವವರಿಗೆ ಜಾತ್ರೆಯ ಬಿಸಿಲು ಏನು ಮಹಾ’ ಎಂಬ ಮಾತು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದರಲ್ಲಿ ಅರ್ಧ ನಿಜವಿದೆ. ದೇಹ ಸೆಕೆಗೆ ಒಗ್ಗಿಕೊಳ್ಳುತ್ತದೆ. ಒಂದೆರಡು ವಾರ ದಿನವೂ ಬಿಸಿಲಿಗೆ ಮೈಯೊಡ್ಡಿದವರ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಆದರೆ ಹೊಲದಲ್ಲಿ ದುಡಿಯುವವರು ಬದುಕಿ ಉಳಿದಿರುವುದು ಒಗ್ಗಿದ ಮೈಯಿಂದ ಮಾತ್ರವಲ್ಲ. ಅವರು ನಸುಕಿನಲ್ಲಿ ಕೆಲಸಕ್ಕಿಳಿಯುತ್ತಾರೆ, ಬಿಸಿಲೇರಿದಾಗ ಬೇವಿನ ಬುಡದಲ್ಲಿ ಬುತ್ತಿ ಬಿಚ್ಚುತ್ತಾರೆ, ದಣಿವಾದರೆ ಕೂರುತ್ತಾರೆ. ತಮ್ಮ ಹೊತ್ತು ತಮ್ಮ ಕೈಯಲ್ಲಿರುತ್ತದೆ. ಜಾತ್ರೆಯ ಸಂದಣಿಯಲ್ಲಿ ಅದೇ ಕೈತಪ್ಪುತ್ತದೆ. ಹಿಂದೆ ಹೋಗಲು ದಾರಿಯಿಲ್ಲ, ಮಗುವಿನ ಕೈ ಬಿಡುವಂತಿಲ್ಲ, ಹರಕೆ ತೀರದೆ ಹೊರಡುವಂತಿಲ್ಲ. ಅಲ್ಲದೆ ಜಾತ್ರೆಗೆ ಬರುವವರೆಲ್ಲ ಹೊಲದವರಲ್ಲ. ವರ್ಷವಿಡೀ ಬೆಂಗಳೂರಿನ ಗಾರ್ಮೆಂಟ್ಸ್ ಚಾವಣಿಯಡಿ ಕೂತು ಯುಗಾದಿಗೆ ಬಂದ ಮಗಳು, ಬಸುರಿ ಸೊಸೆ, ಬಿ.ಪಿ.ಗೆಂದು ನೀರಿಳಿಸುವ ಮಾತ್ರೆ ನುಂಗುವ ಅಪ್ಪ, ಸಕ್ಕರೆ ಕಾಯಿಲೆಯ ಅವ್ವ, ಉಪವಾಸವಿದ್ದು ಉರುಳುಸೇವೆ ಮಾಡುವವರು, ಖಾಕಿ ತೊಟ್ಟು ಒಂದೇ ಕಡೆ ಆರು ತಾಸು ನಿಲ್ಲುವ ಗೃಹರಕ್ಷಕ ದಳದವರು ಎಲ್ಲ ಇರುತ್ತಾರೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ ಎಂಬುದು ವೈದ್ಯರು ಬಲ್ಲ ಸಂಗತಿ. ಇನ್ನು ‘ನಮ್ಮ ಜಾತ್ರೆಯಲ್ಲಿ ಬಿಸಿಲಿಗೆ ಯಾರೂ ಸತ್ತಿಲ್ಲ’ ಎಂಬ ಸಮಾಧಾನ. ಬಿಸಿಲು ಕೊಲ್ಲುವುದು ಬಹುಮಟ್ಟಿಗೆ ಹೃದಯ, ಮೂತ್ರಪಿಂಡಗಳ ಮೂಲಕ. ಅದೂ ಎಷ್ಟೋ ಸಲ ಮನೆಗೆ ಮರಳಿದ ಮೇಲೆ. ಮರಣಪತ್ರದಲ್ಲಿ ಹೃದಯಾಘಾತ ಎಂದು ಬರೆಯಲಾಗುತ್ತದೆ. ಎಣಿಸದೇ ಇರುವುದನ್ನು ಇಲ್ಲವೆಂದು ಹೇಳಬಾರದು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಹಿಂದಿನ ವರ್ಷಗಳ ಮೇ ತಿಂಗಳಿಗಿಂತ ಎಷ್ಟು ಸಾವು ಹೆಚ್ಚಾಯಿತೆಂದು ಸಂಶೋಧಕರು ಲೆಕ್ಕ ಹಾಕಿದಾಗ 1,344 ಎಂದು ತಿಳಿಯಿತು. ಆ ಲೆಕ್ಕವೇ 2013ರಲ್ಲಿ ಆ ನಗರ ತನ್ನದೇ ಬಿಸಿಲು ಕಾರ್ಯಯೋಜನೆ ಮಾಡಿಕೊಳ್ಳಲು ಕಾರಣವಾಯಿತು.

ನೆರಳಿಗೆ ದುಡ್ಡೆಲ್ಲಿ ಎಂದು ಜಾತ್ರಾ ಸಮಿತಿಯವರು ಕೇಳಬಹುದು. ತಗಡಿನ ಪೆಂಡಾಲ್ ದುಬಾರಿ, ಹೌದು. ತಗ್ಗಾಗಿ ಹಾಕಿದ ತಗಡು ಮಧ್ಯಾಹ್ನ ತಾನೇ ಕಾದು ಕೆಳಗಿನವರ ಮೇಲೆ ಶಾಖ ಸುರಿಯುವುದರಿಂದ ಅದು ಒಳ್ಳೆಯ ನೆರಳೂ ಅಲ್ಲ. ಚನ್ನಗಿರಿ ಅಡಿಕೆಯ ಸೀಮೆ. ಅಡಿಕೆ ಸೋಗೆ, ತೆಂಗಿನ ಗರಿಗೆ ಇಲ್ಲಿ, ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ ಬರವಿಲ್ಲ. ಸೋಗೆ ಹೊದಿಸಿದ ಎತ್ತರದ ಚಪ್ಪರ ಬಿಸಿಲು ತಡೆಯುತ್ತದೆ, ಸೆಕೆಯನ್ನು ಮೇಲಕ್ಕೆ ಬಿಟ್ಟುಕೊಡುತ್ತದೆ, ಕಾಯುವುದಿಲ್ಲ. ಒಣಗಿದ ಸೋಗೆಗೆ ಬೆಂಕಿಯ ಭಯವಿರುವುದು ನಿಜ. ಅಡುಗೆಯ ಒಲೆ, ಪಟಾಕಿಯಿಂದ ದೂರದಲ್ಲಿ, ಆಯಾ ವಾರ ಕಡಿದ ಹಸಿ ಗರಿಯಿಂದ ಕಟ್ಟಬೇಕು, ಪಕ್ಕದಲ್ಲಿ ನೀರಿನ ಟ್ಯಾಂಕರ್ ನಿಂತಿರಬೇಕು. ಜಗಳೂರಿನಲ್ಲಿ ಗರಿ ಸಿಗದಿದ್ದರೆ ರೈತರು ಸಸಿಮಡಿಗೆ ಬಳಸುವ ಹಸಿರು ನೆರಳು ಪರದೆ ಇದೆ. ಸುತ್ತಿಟ್ಟರೆ ಹಲವು ವರ್ಷ ಬರುತ್ತದೆ, ಹೋಬಳಿಗೊಂದು ಪಂಚಾಯಿತಿ ಕೊಂಡಿಟ್ಟರೆ ಒಂದರ ಹಿಂದೊಂದು ಬರುವ ಹತ್ತು ಊರಿನ ಹಬ್ಬಗಳಿಗೆ ಅದೇ ಸಾಕು. ಇಡೀ ಬಯಲಿಗೆ ಚಪ್ಪರ ಹಾಕಬೇಕೆಂದು ಯಾರೂ ಕೇಳುತ್ತಿಲ್ಲ. ಸರದಿ ನಿಲ್ಲುವ ಕಡೆ, ಊಟದ ಕಡೆ, ಬಸ್ಸಿಗೆ ಕಾಯುವ ಕಡೆ, ಹಾಲೂಡಿಸುವ ತಾಯಂದಿರು ಕೂರುವ ಕಡೆ, ಈ ನಾಲ್ಕು ಕಡೆ ಆದರೆ ಬಹುಪಾಲು ಕೆಲಸ ಆದಂತೆ. ಆರ್ಕೆಸ್ಟ್ರಾ, ಡಿಜೆ, ಫ್ಲೆಕ್ಸ್, ಹೂವಿನ ಹಾರಕ್ಕೆ ಚಂದಾ ಎತ್ತುವ ಊರಿಗೆ ಇದು ಎಟುಕದ ಖರ್ಚಲ್ಲ.

ನೀರಿನ ವಿಚಾರದಲ್ಲಿ ನಮ್ಮ ಜನರ ಔದಾರ್ಯಕ್ಕೆ ಕೊರತೆಯಿಲ್ಲ. ದಾರಿಹೋಕರಿಗೆ ಅರವಟ್ಟಿಗೆ ಇಡುವುದನ್ನು ಪುಣ್ಯದ ಕೆಲಸವೆಂದು ಕನ್ನಡದ ಶಾಸನಗಳೇ ದಾಖಲಿಸಿವೆ. ಇಂದಿಗೂ ಮಜ್ಜಿಗೆ ಹಂಚುವ ಯುವಕ ಸಂಘಗಳು, ಶರಬತ್ತು ಕೊಡುವ ಮಸೀದಿಯ ಹುಡುಗರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಕೆಡುವುದು ಏರ್ಪಾಡಿನಲ್ಲಿ. ಕಪ್ಪು ಸಿಂಟೆಕ್ಸ್ ಟ್ಯಾಂಕನ್ನು ಬಯಲಲ್ಲಿ ಇಟ್ಟರೆ ಹನ್ನೆರಡಕ್ಕೆ ಅದರ ನೀರು ಬಾಯಿಗಿಡಲಾಗದಷ್ಟು ಬಿಸಿ. ಅದಕ್ಕೆ ಒಂದು ಚಪ್ಪರ, ಸುತ್ತ ಒದ್ದೆ ಗೋಣಿಚೀಲ ಸಾಕು. ಅದಕ್ಕಿಂತ ಮುಖ್ಯವಾದ, ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಇನ್ನೊಂದಿದೆ. ಹೆಂಗಸರು ಜಾತ್ರೆಯಲ್ಲಿ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ, ಶೌಚಾಲಯ ಇಲ್ಲವೆಂದು. ಬೆಳಿಗ್ಗೆ ಮನೆ ಬಿಟ್ಟವರು ಸಂಜೆ ಮರಳುವವರೆಗೆ ತುಟಿ ಒದ್ದೆ ಮಾಡಿಕೊಳ್ಳುವಷ್ಟೇ ಕುಡಿದು ಉಸಿರು ಹಿಡಿದಿರುತ್ತಾರೆ. ಎಷ್ಟು ಅರವಟ್ಟಿಗೆ ಇಟ್ಟರೂ, ಎಷ್ಟು ಮಜ್ಜಿಗೆ ಹಂಚಿದರೂ ಅದು ಅರ್ಧ ಜನರಿಗೆ ಮುಟ್ಟುವುದೇ ಇಲ್ಲ. ನೀರು ಬರುವ, ಬಾಗಿಲು ಹಾಕಿಕೊಳ್ಳಲಾಗುವ ಶೌಚಾಲಯವನ್ನು ನೈರ್ಮಲ್ಯದ ಪಟ್ಟಿಯಿಂದ ತೆಗೆದು ಬಿಸಿಲಿನ ರಕ್ಷಣೆಯ ಪಟ್ಟಿಯ ಮೊದಲಿಗೆ ಬರೆಯಬೇಕು. ಬಿದ್ದವರ ಆರೈಕೆಗೂ ದೊಡ್ಡ ಸಲಕರಣೆ ಬೇಡ. ಮಾತು ತೊದಲುತ್ತಿದ್ದರೆ, ದಿಕ್ಕು ತಪ್ಪಿದಂತಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಕೂಡಲೇ ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಬೀಸಬೇಕು, ಕಂಕುಳು, ಕತ್ತಿಗೆ ಐಸ್ ಇಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. 108ಕ್ಕೆ ಕರೆ ಮಾಡಿ, ಅದು ಬರುವವರೆಗೆ ತಂಪು ಮಾಡುವುದನ್ನು ನಿಲ್ಲಿಸಬಾರದು. ಶರಬತ್ತಿನ ಅಂಗಡಿಯ ಐಸ್ ಗಡ್ಡೆ ಪ್ರತಿ ಜಾತ್ರೆಯಲ್ಲೂ ಇದ್ದೇ ಇರುತ್ತದೆ.

ಇಷ್ಟಕ್ಕೂ ಇದನ್ನು ಯಾರು ಮಾಡಿಸಬೇಕು? ಹೊಸ ಕಾಯ್ದೆಗೆ ಕಾಯಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ ಮೇಲೆ ಜನಸಂದಣಿಯ ಬಗ್ಗೆ ರಾಜ್ಯದಲ್ಲಿ ಬಹಳ ಚರ್ಚೆಯಾಯಿತು, ಆದರೆ ಅದೆಲ್ಲ ನೂಕುನುಗ್ಗಲಿನ ಸುತ್ತಲೇ ತಿರುಗಿತು. ಬಿಸಿಲಿನ ಮಟ್ಟಿಗೆ ಸರ್ಕಾರ ಈಗಾಗಲೇ ಒಪ್ಪಿಕೊಂಡ ತತ್ವಗಳೇ ಸಾಕು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳು ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಲಾಗುತ್ತದೆ. ಫ್ಯಾನಿನ ಕೆಳಗೆ ಕೂರುವ ನೌಕರರಿಗೆ ಹೊತ್ತು ಬದಲಿಸಬಹುದಾದರೆ ಬಯಲಲ್ಲಿ ನಿಲ್ಲುವ ಜನರಿಗೆ ಯಾಕಾಗದು? ಖಾರ್ಘರ್ ಸಾವುಗಳ ಬೆನ್ನಲ್ಲೇ ಮಹಾರಾಷ್ಟ್ರ ಸರ್ಕಾರ ಬಿಸಿಲು ಇಳಿಯುವವರೆಗೆ ಮಧ್ಯಾಹ್ನ 12ರಿಂದ 5ರವರೆಗೆ ಬಯಲಿನ ಕಾರ್ಯಕ್ರಮಗಳನ್ನು ನಡೆಸಕೂಡದೆಂದಿತು. ಮತಗಟ್ಟೆಯಲ್ಲಿ ನೆರಳು, ಕುಡಿಯುವ ನೀರು, ಶೌಚಾಲಯ ಇರಲೇಬೇಕೆಂಬುದು ಚುನಾವಣಾ ಆಯೋಗದ ನಿಯಮ. ದಾವಣಗೆರೆ ಲೋಕಸಭಾ ಕ್ಷೇತ್ರ 2024ರಲ್ಲಿ ಮತ ಹಾಕಿದ್ದು ಮೇ 7ರಂದು, ಕಡುಬೇಸಿಗೆಯಲ್ಲೇ. ಆ ಒಂದು ದಿನಕ್ಕೆ ನಾಲ್ಕೂ ತಾಲ್ಲೂಕುಗಳ ಹಳ್ಳಿಹಳ್ಳಿಗೂ ಅನ್ವಯಿಸುವ ನಿಯಮವನ್ನು ಹಬ್ಬದ ದಿನಕ್ಕೂ ಅನ್ವಯಿಸಲು ಅಡ್ಡಿಯೇನೂ ಕಾಣುವುದಿಲ್ಲ.

ದಾರಿಯೂ ಸಿದ್ಧವಾಗಿಯೇ ಇದೆ. ದೊಡ್ಡ ಜಾತ್ರೆಗೆ ಮುನ್ನ ತಹಶೀಲ್ದಾರರ ಅಧ್ಯಕ್ಷತೆಯಲ್ಲಿ ಪೂರ್ವಭಾವಿ ಸಭೆ ನಡೆಯುತ್ತದೆ. ಪೊಲೀಸ್, ಬೆಸ್ಕಾಂ, ಸಾರಿಗೆ, ಆರೋಗ್ಯ, ಪಂಚಾಯಿತಿಯವರು, ದೇವಸ್ಥಾನ ಸಮಿತಿಯವರು ಒಂದೇ ಕಡೆ ಕೂರುತ್ತಾರೆ. ಮುಜರಾಯಿ ದೇವಸ್ಥಾನಗಳ ಮಟ್ಟಿಗೆ ತಾಲ್ಲೂಕಿನಲ್ಲಿ ಜವಾಬ್ದಾರಿ ಹೊತ್ತವರೂ ತಹಶೀಲ್ದಾರರೇ, ವಿಪತ್ತು ನಿರ್ವಹಣೆಯ ಹೊಣೆಯೂ ಅವರದೇ. ಬಂದೋಬಸ್ತ್, ಬಸ್ಸು, ವಿದ್ಯುತ್, ಸ್ವಚ್ಛತೆ ಎಂದು ಸಾಗುವ ಆ ಸಭೆಯ ಪಟ್ಟಿಗೆ ಎರಡು ವಿಷಯ ಸೇರಬೇಕು. ಮಾರ್ಚ್‌ನಿಂದ ಮೇವರೆಗೆ ಮುಹೂರ್ತಕ್ಕೆ ಕಟ್ಟುಬಿದ್ದಿರದ ಯಾವ ಬಯಲಿನ ಕಾರ್ಯಕ್ರಮಕ್ಕೂ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಅನುಮತಿ ಇಲ್ಲ ಎಂಬುದು ಒಂದು. ಎಷ್ಟು ಜನ ಬರುವ ಅಂದಾಜಿದೆಯೋ ಅದಕ್ಕೆ ತಕ್ಕ ನೆರಳು, ನೀರು, ಶೌಚಾಲಯ ಎಲ್ಲಿರುತ್ತವೆಂದು ನಕ್ಷೆ ಬರೆದು ಕೊಟ್ಟರೆ ಮಾತ್ರ ಧ್ವನಿವರ್ಧಕದ ಪರವಾನಗಿ ಎಂಬುದು ಇನ್ನೊಂದು. ಮುಹೂರ್ತವೇ ಮಧ್ಯಾಹ್ನಕ್ಕೆ ಬಂದ ಕಡೆ ತೇರು ಆ ಹೊತ್ತಿಗೆ ಗಡಿಬಿಟ್ಟು ಹತ್ತು ಹೆಜ್ಜೆ ಸಾಗಿ ನಿಲ್ಲಲಿ, ಉಳಿದ ದಾರಿ ಇಳಿಹೊತ್ತಿನಲ್ಲಿ ಎಳೆಯಲಿ ಎಂದು ಅರ್ಚಕರು, ಊರ ಹಿರಿಯರು ಕೂತು ಒಪ್ಪಿಕೊಳ್ಳುವ ದಾರಿಯಿದೆ. ಅದನ್ನು ಆದೇಶದಿಂದ ಮಾಡಿಸುವುದು ತರವಲ್ಲ. ಊರಿನವರೇ ಒಪ್ಪಬೇಕು, ಮಠಾಧೀಶರು ಒಂದು ಮಾತು ಹೇಳಿದರೆ ಒಪ್ಪುತ್ತಾರೆ. ಹೊನ್ನಾಳಿಯ ಹಿರೇಕಲ್ಮಠದಂಥ ಹಳೆಯ ಮಠಗಳ ಮಾತಿಗೆ ಈ ಸೀಮೆಯಲ್ಲಿ ತೂಕವಿದೆ.

ಕೊನೆಗೆ ಜಾಗದ ಮಾತು. ಊರಿನ ಪಹಣಿಗಳಲ್ಲಿ ಗುಂಡುತೋಪು ಎಂದು ನಮೂದಾದ ಸರ್ಕಾರಿ ಸರ್ವೆ ನಂಬರುಗಳಿವೆ. ಮಾವು, ಹುಣಸೆ, ಹೊಂಗೆ, ಬೇವಿನ ಆ ತೋಪುಗಳಲ್ಲೇ ಹಿಂದೆ ಪರಸೆಗೆ ಬಂದವರು ಬಂಡಿ ಬಿಚ್ಚಿ, ಒಲೆ ಹೂಡಿ, ಬಿಸಿಲಿಳಿದ ಮೇಲೆ ತೇರಿಗೆ ಹೋಗುತ್ತಿದ್ದರು. ಎಷ್ಟೋ ಕಡೆ ಈಗ ಮರಗಳಿಲ್ಲ, ಕೆಲವು ಕಡೆ ತೋಪೇ ಒತ್ತುವರಿಯಾಗಿದೆ, ಇನ್ನು ಕೆಲವು ಕಡೆ ಅದರ ಮೇಲೆ ಸಮುದಾಯ ಭವನ ಎದ್ದಿದೆ. ಚಪ್ಪರ ಈ ವರ್ಷದ ಉತ್ತರ. ತೋಪು ಹತ್ತು ವರ್ಷದ ನಂತರದ್ದು, ಯಾಕೆಂದರೆ ಇಂದು ನೆಟ್ಟ ಹೊಂಗೆ ಹತ್ತು ಜನಕ್ಕೆ ನೆರಳು ಕೊಡಲು ಅಷ್ಟು ಕಾಲ ಬೇಕು. ಮುಂಗಾರಿಗೆ ಮೊದಲು ಜಾತ್ರೆ ನಡೆಯುವ ಊರುಗಳ ಗುಂಡುತೋಪುಗಳನ್ನು ಸರ್ವೆ ಮಾಡಿಸಿ ಕಲ್ಲು ನೆಡಿಸುವುದು, ಮುಂಗಾರಿನಲ್ಲಿ ಸಸಿ ನೆಟ್ಟು ಮೂರು ಬೇಸಿಗೆ ಉದ್ಯೋಗ ಖಾತ್ರಿಯ ಕೆಲಸದವರಿಂದ ನೀರು ಹಾಕಿಸುವುದು, ಇದು ಗ್ರಾಮ ಪಂಚಾಯಿತಿಯ ಕೈಯಲ್ಲಿರುವ ಕೆಲಸ. ಜಗಳೂರು ತಾಲ್ಲೂಕಿನಿಂದಲೇ ಶುರುವಾಗಲಿ, ಅಲ್ಲಿಗೆ ಅದರ ಅಗತ್ಯ ಹೆಚ್ಚು, ಮರ ಏಳುವುದೂ ಅಲ್ಲೇ ನಿಧಾನ.